ನೀರಿಳಿದ ಕಾಲದ ಮಲೆನಾಡು

ಮಲೆನಾಡನ್ನು ನೋಡಬೇಕಾದರೆ ಮಳೆಗಾಲದಲ್ಲಿಯೇ ನೋಡಬೇಕು ಎಂಬ ಮಾತನ್ನು ಬಯಲುಸೀಮೆಯ ಗೆಳೆಯರು ಎಷ್ಟು ಸಲ ಹೇಳಿದರೂ ನನಗೆ ಅದು ಅರ್ಧ ಸತ್ಯವೆಂದೇ ತೋರುತ್ತದೆ. ಆಷಾಢದಲ್ಲಿ ಇಲ್ಲಿಗೆ ಬಂದವರು ಮಂಜನ್ನೂ ಜಲಪಾತವನ್ನೂ ಕಾಲಿಗೆ ಹತ್ತಿದ ಉಂಬಳವನ್ನೂ (ಕಾಡಿನ ಜಿಗಣೆ) ನೋಡಿಕೊಂಡು ಹೋಗುತ್ತಾರೆ. ಕೋಟೆಯ ಗೋಡೆ ಪಾಚಿಯಡಿ ಇರುತ್ತದೆ, ಕೆರೆಯ ಮೆಟ್ಟಿಲು ನೀರಿನಡಿ ಇರುತ್ತದೆ. ಈ ಸೀಮೆಯನ್ನು ಆಳಿದವರು ನೆಲವನ್ನು ಹೇಗೆ ಅಳೆದರು, ನೀರನ್ನು ಎಲ್ಲಿ ಹಿಡಿದು ನಿಲ್ಲಿಸಿದರು ಎಂಬುದು ಕಣ್ಣಿಗೆ ಬೀಳುವುದು ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮೊದಲ ಅಡ್ಡಮಳೆಯವರೆಗೆ ಮಾತ್ರ. ಆ ಹೊತ್ತಿಗೆ ಸರಿಯಾಗಿ ನಾನೂ ನನ್ನ ಹೆಂಡತಿಯೂ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಅವಳ ಅಣ್ಣನ ಮನೆಗೆ ಹೋಗಿ, ಅಲ್ಲಿಂದ ದಿನಕ್ಕೊಂದು ದಿಕ್ಕಿಗೆ ಹೊರಟು ಸಂಜೆಗೆ ಮರಳುವ ಕ್ರಮವನ್ನು ಇಟ್ಟುಕೊಂಡೆವು. ಅಡಿಕೆ ಕೊಯ್ಲು, ಸುಲಿತ ಎಲ್ಲವೂ ಮುಗಿದು ತೋಟಕ್ಕೆ ನೀರು ಬಿಡುವುದೊಂದೇ ಕೆಲಸ ಉಳಿದಿದ್ದರಿಂದ ಭಾವನೂ ಜೊತೆಗೆ ಬರಲು ಒಪ್ಪಿದರು.

ಸೋಮವಾರ: ಕೆಳದಿ, ಇಕ್ಕೇರಿ

ಹತ್ತಿರದ ಊರುಗಳಿಂದಲೇ ಆರಂಭಿಸಿದೆವು. ಸಾಗರ ಪೇಟೆ ಕೂಡ ಒಂದು ಕೆರೆಯಿಂದ ಹುಟ್ಟಿದ ಊರು. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ ಎನ್ನುತ್ತಾರೆ. ಅಲ್ಲಿಂದ ಕೆಳದಿಗೆ ಗದ್ದೆ ಬಯಲು, ತೋಟಗಳ ನಡುವಿನ ಸಣ್ಣ ದಾರಿ. ಚೌಡಪ್ಪ ನಾಯಕನಿಂದ 1499ರಲ್ಲಿ ಮೊದಲಾದ ಅರಸೊತ್ತಿಗೆ 1763ರವರೆಗೆ ನಡೆದು, ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ದೊಡ್ಡ ಭಾಗವನ್ನೂ ಹಿಡಿದಿತ್ತು ಎಂದರೆ ಈ ಪುಟ್ಟ ಊರನ್ನು ನೋಡಿದವರು ಸುಲಭಕ್ಕೆ ನಂಬಲಾರರು. ಒಂದೇ ಆವರಣದಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳಿವೆ. ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ. ಪಾರ್ವತಿಯ ಗುಡಿಯಲ್ಲಿ ಮರದ ಚಾವಣಿಯ ಕೆತ್ತನೆಯಿದೆ. ಕಲ್ಲಿನ ಕೆಲಸಕ್ಕಿಂತ ಈ ಮರದ ಕೆಲಸವೇ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಮಲೆನಾಡಿನ ಕಸುಬುದಾರನ ಕೈ ಪಳಗಿದ್ದು ಮರದಲ್ಲಿ. ಸಾಗರದ ಗುಡಿಗಾರರು ಗಂಧದ ಮರದಲ್ಲಿ ಇಂದಿಗೂ ಅದನ್ನೇ ಮುಂದುವರಿಸಿದ್ದಾರೆ. ಊರಿನ ವಸ್ತುಸಂಗ್ರಹಾಲಯದಲ್ಲಿ ಕೆಳದಿ ಗುಂಡಾ ಜೋಯಿಸರು ಮನೆಮನೆ ತಿರುಗಿ ಕೂಡಿಹಾಕಿದ ತಾಳೆಗರಿ, ಕಡತ, ನಾಣ್ಯಗಳಿವೆ. ಒಬ್ಬ ಮನುಷ್ಯನ ಹಟ ಒಂದು ಸಂಸ್ಥಾನದ ನೆನಪನ್ನು ಎಷ್ಟರಮಟ್ಟಿಗೆ ಉಳಿಸಬಲ್ಲದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಬಿಸಿಲೇರುವ ಮೊದಲೇ ಇಕ್ಕೇರಿಗೆ ಬಂದೆವು. ಅಘೋರೇಶ್ವರ ದೇವಾಲಯವನ್ನು ಪೂರ್ತಿಯಾಗಿ ಕಣಶಿಲೆಯಲ್ಲಿ ಕಟ್ಟಿದ್ದಾರೆ. ಎದುರಿನ ಮಂಟಪದಲ್ಲಿ ದೊಡ್ಡ ನಂದಿ ಮಲಗಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಸಂಗಡ ಘಟ್ಟ ಹತ್ತಿ ಈ ಊರಿಗೆ ಬಂದಾಗ ಇದು ವೆಂಕಟಪ್ಪ ನಾಯಕನ ರಾಜಧಾನಿಯಾಗಿತ್ತು. ಇಂದು ಗುಡಿಯನ್ನು ಬಿಟ್ಟರೆ ರಾಜಧಾನಿಯ ಗುರುತು ಬಹಳ ಕಡಿಮೆ. ಒಳಗೆ ಗರ್ಭಗುಡಿಯ ಎದುರಿನ ನೆಲದ ಮೇಲೆ ಸಾಷ್ಟಾಂಗ ಬಿದ್ದ ಮೂವರು ನಾಯಕರ ಆಕೃತಿಗಳನ್ನು ಕೊರೆದಿದ್ದಾರೆ. ಅವರಲ್ಲೊಬ್ಬನ ಕೈಕಾಲುಗಳಿಗೆ ಸರಪಣಿ ಹಾಕಿದೆ; ಅವನು ಹುಚ್ಚ ಸೋಮಶೇಖರನೆಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅರಸನ ಹುಚ್ಚನ್ನು ಮುಚ್ಚಿಡದೆ ದೇವರ ಎದುರಿಗೇ ಕಲ್ಲಿನಲ್ಲಿ ಬರೆದಿಟ್ಟ ಆ ಧೈರ್ಯ ಯಾರದಿರಬಹುದು ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.

ನನ್ನನ್ನು ಇಲ್ಲಿಗೆ ಎಳೆದದ್ದು ಮಾತ್ರ ಬೇರೆಯೇ ಸಂಗತಿ. ಈ ಗುಡಿಯ ನಡುವಿನ ಕಂಬಗಳ ನಡುವಣ ಅಂತರವನ್ನೇ ತೋಟದ ನೆಲವನ್ನು ಅಳೆಯುವ ಗಳುವಿನ, ಎಂದರೆ ಅಳತೆಗೋಲಿನ, ಉದ್ದವೆಂದು ಗೊತ್ತುಮಾಡಿದ್ದರು. ಅದು 18 ಅಡಿ 6 ಅಂಗುಲ ಎಂದು ಅದೇ ಗೆಜೆಟಿಯರ್ ದಾಖಲಿಸಿದೆ. ಅಳತೆಗೋಲನ್ನು ಅಧಿಕಾರಿಯ ಮನೆಯಲ್ಲಿಡದೆ ದೇವಾಲಯದ ಕಂಬಗಳಿಗೆ ಒಪ್ಪಿಸಿದ್ದರಿಂದ, ಗಳು ಗಿಡ್ಡವಾಯಿತೆಂಬ ಅನುಮಾನ ಬಂದ ಯಾವ ತೋಟಗಾರನೂ ಬಂದು ತಾಳೆ ನೋಡಬಹುದಾಗಿತ್ತು. ಇದರ ಹಿಂದೆಯೇ ಶಿವಪ್ಪ ನಾಯಕನ ಶಿಸ್ತು, ಎಂದರೆ ಅವನ ಭೂಕಂದಾಯದ ಕಟ್ಟಳೆ, ನೆನಪಾಗುತ್ತದೆ. 1645ರಿಂದ 1660ರವರೆಗೆ ಆಳಿದ ಅವನು ಪ್ರತಿ ಊರಿನಲ್ಲಿಯೂ ಬೇರೆಬೇರೆ ತರಗತಿಯ ಒಂದೊಂದು ಹೊಲವನ್ನು 12 ವರ್ಷ ತನ್ನ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬೀಜವೆಷ್ಟು, ಕೂಲಿಯೆಷ್ಟು, ಬೆಳೆಯೆಷ್ಟು, ಬೆಲೆಯೆಷ್ಟು ಎಂಬ ಲೆಕ್ಕವನ್ನು ಇಡಿಸಿ, ಆ ಸರಾಸರಿಯ ಮೇಲೆ ಕಂದಾಯವನ್ನು ನಿಗದಿಪಡಿಸಿದನೆಂದು ಹೇಳುತ್ತಾರೆ. ಭಾವ ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ನೋಡಿ, “ಅಡಿಕೆಗೆ ಮದ್ದು ಹೊಡೆಸುವ ಖರ್ಚನ್ನೂ ಬರೆಸಿದ್ದನಾ ಭಾವ, ಇಲ್ಲ ಅದನ್ನು ಬಿಟ್ಟೇಬಿಟ್ಟನಾ?” ಎಂದು ಕೇಳಿದರು. ಕೊಳೆ ರೋಗದ ಮಳೆಗಾಲವನ್ನು ಕಂಡವರಿಗೆ ಆ ಪ್ರಶ್ನೆ ತಮಾಷೆಯಲ್ಲ.

ಅಳತೆಯ ಜಗಳ ನಾಯಕರೊಂದಿಗೆ ಮುಗಿಯಲಿಲ್ಲ ಎಂಬುದಕ್ಕೆ ಇದೇ ತಾಲ್ಲೂಕಿನ ಕಾಗೋಡು ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದದ್ದಕ್ಕೆ ಒಂದು ಮುಖ್ಯ ಕಾರಣ, ಗೇಣಿಯ ಭತ್ತವನ್ನು ಒಡೆಯರು ವಾಡಿಕೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು ಎಂಬುದು. ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂದೆ ನಿಂತರು; ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಇಕ್ಕೇರಿಯ ಕಂಬಗಳನ್ನು ನೋಡಿದ ದಿನವೇ ಕಾಗೋಡಿನ ಕೊಳಗವನ್ನೂ ನೆನೆಯದಿದ್ದರೆ ನೋಡಿದ್ದು ಅರ್ಧವಾಗುತ್ತದೆ.

ಮಂಗಳವಾರ: ಶರಾವತಿಯ ಹಿನ್ನೀರು, ಜೋಗ

ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಈ ಸಂಖ್ಯೆಯಿಂದ ನೀರು ಎಷ್ಟು ಕೆಳಗಿಳಿದಿದೆ ಎಂಬುದೇ ಸಾಗರದ ಕಡೆಯ ಚಹದಂಗಡಿಗಳ ನಿತ್ಯದ ಮಾತು. ಅಂಬಾರಗೋಡ್ಲಿನ ಕಡೆಗೆ ಹೋಗುವ ದಾರಿಯಲ್ಲಿ ಕಾಡು ಒಮ್ಮೆಲೇ ಮುಗಿದು, ಕೆಂಪು ಮಣ್ಣಿನ ಬೋಳು ಬಯಲು ತೆರೆದುಕೊಳ್ಳುತ್ತದೆ. 1964ರಲ್ಲಿ ಅಣೆಕಟ್ಟೆ ತುಂಬಿದಾಗ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ಕೊಳೆಯದೆ, ಕರ್ರಗೆ, ಸಾಲುಸಾಲಾಗಿ ನಿಂತಿವೆ. ಗದ್ದೆಯ ಬದುಗಳು ಕಾಣುತ್ತವೆ. ಅಲ್ಲೊಂದು ಬಾವಿಯ ಕಟ್ಟೆ, ಇಲ್ಲೊಂದು ಮನೆಯ ಅಡಿಪಾಯ. ಮುಳುಗಡೆಯಲ್ಲಿ ಎದ್ದ ಕುಟುಂಬಗಳನ್ನು ಜಿಲ್ಲೆಯ ಬೇರೆಬೇರೆ ಕಡೆಗೆ ಕಳುಹಿಸಿದರು. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳು, ಮೊಮ್ಮಕ್ಕಳು ಕೂತ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರು ಎಂದು ಭಾಷಣಗಳಲ್ಲಿ ಅವರನ್ನು ಹೊಗಳುವುದನ್ನು ಕೇಳಿದಾಗಲೆಲ್ಲ ನನಗೆ ಹೊಗಳಿಕೆಗಿಂತ ಪಹಣಿ ಅಗ್ಗವಲ್ಲವೇ ಎನಿಸುತ್ತದೆ.

ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಈ ಹಿನ್ನೀರಿನೊಳಗಿಂದ ಇನ್ನೊಂದು ಅಣೆಕಟ್ಟೆ ಮೇಲೇಳುತ್ತದೆ. ಅದು ಹಿರೇಭಾಸ್ಕರ, ಮಡೆನೂರು ಅಣೆಕಟ್ಟೆ ಎಂದೂ ಕರೆಯುತ್ತಾರೆ. ಜೋಗದಲ್ಲಿ 1948ರಲ್ಲಿ ಆರಂಭವಾದ, ಈಗ ಮಹಾತ್ಮ ಗಾಂಧಿ ಜಲವಿದ್ಯುದಾಗಾರವೆಂದು ಹೆಸರಾದ ಯೋಜನೆಗೆ ನೀರು ಕೂಡಿಡಲು ಕಟ್ಟಿದ್ದು ಅದು. ಎರಡು ದಶಕವೂ ಬಾಳದೆ ತನಗಿಂತ ದೊಡ್ಡ ಕಟ್ಟೆಯ ಹೊಟ್ಟೆ ಸೇರಿತು. ಊರಿನ ಒಬ್ಬ ಹಿರಿಯರು ದಾರಿ ತೋರಿಸಿದ್ದರಿಂದ, ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹತ್ತಿರ ಹೋದೆವು. ಹೆಚ್ಚುವರಿ ನೀರು ತಾನಾಗಿಯೇ ಹೊರಬೀಳುವಂತೆ ಮಾಡಿದ ಸೈಫನ್ನುಗಳ ಬಾಯಿಗಳು ಇನ್ನೂ ಅಚ್ಚುಕಟ್ಟಾಗಿವೆ. ವರ್ಷದ ಬಹುಪಾಲು ನೀರಿನಡಿ ಇದ್ದು, ಬೇಸಿಗೆಯಲ್ಲಿ ಬಿಸಿಲು ಕಂಡು, ಮತ್ತೆ ಮುಳುಗುವ ಈ ಗಾರೆಗೋಡೆ ಅಷ್ಟು ಗಟ್ಟಿಯಾಗಿ ನಿಂತಿರುವುದನ್ನು ನೋಡಿ ಭಾವ ತಮ್ಮ ಊರಿನ ಹೊಸ ಮೋರಿಯ ವಿಷಯ ತೆಗೆದರು. ಅದನ್ನು ಇಲ್ಲಿ ಬರೆಯುವುದು ಬೇಡ.

ಸಿಗಂದೂರಿಗೆ ಹೋಗುವವರು ಹಿಂದೆ ಲಾಂಚಿಗಾಗಿ ಕಾಯಬೇಕಿತ್ತು. ನೀರು ಇಳಿದರೆ ಅದಕ್ಕೂ ತೊಡಕು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿದಿದೆ. ಆಚೆ ದಡದ ತುಮರಿ ಭಾಗದ ಜನ ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಕರೆದೊಯ್ಯಲು ಪಟ್ಟ ಪಾಡನ್ನು ಬಲ್ಲವರು ಲಾಂಚಿನ ಸೊಗಸಿಗಾಗಿ ಮರುಗಲಾರರು. ಮಧ್ಯಾಹ್ನದ ಮೇಲೆ ಜೋಗಕ್ಕೂ ಹೋಗಿಬಂದೆವು. 830 ಅಡಿಯ ಬಂಡೆಯ ಮೇಲೆ ರಾಜ, ರೋರರ್, ರಾಕೆಟ್, ರಾಣಿಯರು ಹರಿಯಬೇಕಾದ ಕಡೆ ಸಣ್ಣ ಬಿಳಿ ಗೆರೆಗಳಿದ್ದವು, ಅಷ್ಟೇ. ಬಂಡೆಯ ಪದರಗಳನ್ನು ನೋಡಬೇಕೆನ್ನುವವರಿಗೆ ಮಾತ್ರ ಮೇ ತಿಂಗಳ ಜೋಗವನ್ನು ಹೇಳಬಹುದು.

ಬುಧವಾರ: ನಗರ, ದೇವಗಂಗೆ

1637ರ ಸುಮಾರಿಗೆ ಬಿಜಾಪುರದ ಸೈನ್ಯ ಇಕ್ಕೇರಿಯನ್ನು ಕೊಳ್ಳೆ ಹೊಡೆದ ಮೇಲೆ, ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ, ಎಂದರೆ ಇಂದಿನ ನಗರಕ್ಕೆ, ಸರಿಯಿತು. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ನಾಯಕರು ಹೋದ ದಾರಿಯನ್ನು ನಕ್ಷೆಯ ಮೇಲೆ ನೋಡಿದರೆ, ಅವರು ಬಯಲಿಗೆ ಬೆನ್ನು ಹಾಕಿ ಘಟ್ಟದ ಅಂಚಿಗೆ ಸರಿಯುತ್ತ ಹೋದದ್ದು ತಿಳಿಯುತ್ತದೆ. ಹೆದರಿಕೆಯೊಂದೇ ಇದಕ್ಕೆ ಕಾರಣವೆಂದು ನಾನು ಒಪ್ಪಲಾರೆ. ಘಟ್ಟದ ಮೇಲಿನ ಮೆಣಸು, ಕೆಳಗಿನ ಅಕ್ಕಿ, ಬಸರೂರು, ಹೊನ್ನಾವರಗಳ ಬಂದರು, ಇವನ್ನು ಕೂಡಿಸುವ ದಾರಿಯ ಬಾಯಲ್ಲಿ ಕೂತವನಿಗೆ ಸುಂಕ ಸಿಗುತ್ತದೆ. ಶಿವಪ್ಪ ನಾಯಕ ಪೋರ್ಚುಗೀಸರಿಂದ ಆ ಬಂದರುಗಳ ಕೋಟೆಗಳನ್ನು ಕಿತ್ತುಕೊಂಡದ್ದೂ ಇದೇ ಲೆಕ್ಕದ ಮೇಲೆ.

ಹೊಸನಗರ ದಾಟಿದ ಮೇಲೆ ದಾರಿ ತಿರುವುಗಳಲ್ಲೇ ಸಾಗುತ್ತದೆ. ನಗರದ ಕೋಟೆ ರಸ್ತೆಯ ಪಕ್ಕದಲ್ಲೇ ಇದೆ. ಹೆಬ್ಬಾಗಿಲು, ಕಾವಲುಕೋಣೆಗಳು, ಕಂದಕ, ಒಳಗೆ ಅಕ್ಕ–ತಂಗಿಯರ ಕೊಳ, ದರ್ಬಾರಿನ ಅಡಿಪಾಯ. ಗಿಡಗಂಟಿ ಒಣಗಿದ್ದರಿಂದ ಗೋಡೆಯ ಸುತ್ತು ಪೂರ್ತಿ ಕಂಡಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿ ಚೆನ್ನಮ್ಮ ಆಳಿದ್ದು ಇಲ್ಲಿಂದ. 1763ರಲ್ಲಿ ಹೈದರಾಲಿ ಊರನ್ನು ಹಿಡಿದು, ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ಸೆರೆಗೆ ಕಳುಹಿಸಿ, ಊರಿಗೆ ಹೈದರನಗರವೆಂದು ಹೆಸರಿಟ್ಟು, ಇಲ್ಲಿಯೇ ಟಂಕಸಾಲೆ ತೆರೆದು ತನ್ನ ಹೊನ್ನನ್ನು ಅಚ್ಚು ಹಾಕಿಸಿದನು. ಇಲ್ಲಿ ಸಿಕ್ಕ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತು ಎಂಬ ಮಾತಿನಲ್ಲಿ ಅತಿಶಯೋಕ್ತಿ ಕಡಿಮೆ.

ದೇವಗಂಗೆಗೆ ಮಾತ್ರ ನಿಧಾನವಾಗಿ ಹೋಗಬೇಕು. ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಗುಡ್ಡದ ಬುಡದಲ್ಲಿ, ಅರಸುಮನೆಯವರ ಜಲಕ್ರೀಡೆಗೆಂದು ಮಾಡಿಸಿದ ಕೊಳಗಳ ಗುಂಪು ಇದು. ಒಂದೊಂದು ಕೊಳದ ಆಕಾರ ಒಂದೊಂದು ಬಗೆ. ದೊಡ್ಡ ಕೊಳದ ನಡುವೆ ಪುಟ್ಟ ಗುಡಿ, ಅದಕ್ಕೆ ಹೋಗಲು ಕಲ್ಲಿನ ಸಂಕ. ಗುಡ್ಡದ ಒರತೆಯ ನೀರು ಮೇಲಿನ ಕೊಳಕ್ಕೆ ಬಂದು, ತುಂಬಿ, ಕಲ್ಲಿನ ಕಾಲುವೆಯಲ್ಲಿ ಮುಂದಿನದಕ್ಕೆ ಇಳಿಯುತ್ತದೆ. ಎಲ್ಲಿಯೂ ನಿಂತು ಹಳಸುವುದಿಲ್ಲ. ನಾವು ಹೋದ ದಿನ ಸುತ್ತಲಿನ ಹಳ್ಳಗಳು ಬತ್ತಿ ಕಲ್ಲುಗಳು ಸುಡುತ್ತಿದ್ದರೂ ಕೊಳದ ಹರಿವು ನಿಂತಿರಲಿಲ್ಲ. ಸೋಮವಾರ ಗಳುವಿನಲ್ಲಿ ಕಂಡ ಲೆಕ್ಕಾಚಾರದ ಬುದ್ಧಿಯೇ ಇಲ್ಲಿ ನೀರಿನ ಓಟದ ಇಳಿಜಾರಾಗಿ ಕಾಣುತ್ತದೆ. ಅಂಗುಲದ ತಪ್ಪಾದರೂ ಒಂದು ಕೊಳ ಕೊಳೆತು ಇನ್ನೊಂದು ಒಣಗುತ್ತಿತ್ತು. ಭಾವ ಕಾಲುವೆಯ ಅಂಚಿನಲ್ಲಿ ಕೂತು, ತಮ್ಮ ತೋಟದ ಕಪ್ಪುಗಳಿಗೆ (ಅಡಿಕೆ ಸಾಲುಗಳ ನಡುವಿನ ಕಾಲುವೆಗಳಿಗೆ) ನೀರು ಸಮನಾಗಿ ಹೋಗುವಂತೆ ಮಾಡಲು ಅಪ್ಪಯ್ಯ ಪಟ್ಟ ಕಷ್ಟವನ್ನು ಹೇಳಿದರು. ಅತ್ತಿಗೆ ಕಟ್ಟಿಕೊಟ್ಟಿದ್ದ ಒಗ್ಗರಣೆ ಅವಲಕ್ಕಿಯನ್ನೂ ಮುರುಗಲು ಹಣ್ಣಿನ ಪಾನಕವನ್ನೂ ಅಲ್ಲಿಯೇ ಮುಗಿಸಿದೆವು.

ಗುರುವಾರ ಮಧ್ಯಾಹ್ನವೇ ಗುಡುಗಿನೊಂದಿಗೆ ಅಡ್ಡಮಳೆ ಹೊಡೆದು, ಅಂಗಳದಲ್ಲಿ ಹರವಿದ್ದ ಹಲಸಿನ ಹಪ್ಪಳವನ್ನು ಎತ್ತಿಡುವುದರಲ್ಲಿ ದಿನ ಹೋಯಿತು.

ಶುಕ್ರವಾರ: ಕವಲೇದುರ್ಗ, ಕುಪ್ಪಳಿ

ಬೆಳಗಿನ ಐದಕ್ಕೇ ಹೊರಟೆವು. ಹೊರಡುವ ಮೊದಲು ಅತ್ತಿಗೆ ಕೈಕಾಲಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟರು. ಬೇಸಿಗೆಯ ಕಾಡಿನಲ್ಲಿ ಉಂಬಳವಿಲ್ಲ, ಆದರೆ ಉಣುಗು, ಎಂದರೆ ಉಣ್ಣೆ ಹುಳು, ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈ ಉಣುಗಿನಿಂದಲೇ ಹರಡುವುದು. ಅದರ ಹಾವಳಿ ಒಣಹವೆಯ ತಿಂಗಳುಗಳಲ್ಲಿ ಹೆಚ್ಚು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಸಾವುಗಳಾದುದನ್ನು ಈ ಮನೆಯವರು ಮರೆತಿಲ್ಲ. ಆದ್ದರಿಂದ ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರಬಾರದು, ಸತ್ತ ಮಂಗ ಕಂಡರೆ ಆ ಕಡೆ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ನೆನೆಸಬೇಕು. ಬೇಸಿಗೆಯ ಪ್ರವಾಸವನ್ನು ಹೊಗಳುವವನು ಇದನ್ನೂ ಹೇಳಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಗದ್ದೆಯ ಬದುವಿನ ಮೇಲೆ ನಡೆದು, ಕಲ್ಲು ಹಾಸಿದ ದಾರಿಯಲ್ಲಿ ಏರಬೇಕು. ಒಂದರ ಹಿಂದೊಂದು ಕೋಟೆಯ ಸುತ್ತುಗಳು. ಪ್ರತಿ ಬಾಗಿಲಿನ ಎರಡೂ ಬದಿಗೆ ಕಾವಲುಗಾರರ ಕಟ್ಟೆಗಳು. ದಾರಿ ನೇರವಾಗಿ ಎಲ್ಲಿಯೂ ಹೋಗುವುದಿಲ್ಲ; ಬಾಗಿಲು ಹೊಕ್ಕೊಡನೆ ತಿರುವು, ತಿರುವಿನ ಮೇಲೆ ಗೋಡೆ. ಆನೆಯಾಗಲಿ ದಿಮ್ಮಿ ಹೊತ್ತ ಸೈನಿಕರಾಗಲಿ ಓಡಿಬಂದು ಗುದ್ದಲು ಜಾಗವಿಲ್ಲದಂತೆ ಕಟ್ಟಿದ್ದಾರೆ. ಗೋಡೆಯ ದಪ್ಪ ದಪ್ಪ ಕಲ್ಲುಗಳನ್ನು ಗಾರೆಯ ನೆರವಿಲ್ಲದೆ ಕೂಡಿಸಿದ ಬಗೆಯನ್ನು ಮುಟ್ಟಿ ನೋಡಬೇಕೆಂದರೆ ಪಾಚಿ ಒಣಗಿದ ಈ ಕಾಲವೇ ಸರಿ.

ಮೇಲೆ ಕಾಶಿ ವಿಶ್ವನಾಥನ ಗುಡಿಯ ಹತ್ತಿರ ಅರಮನೆಯ ನೆಲಗಟ್ಟು ಇದೆ. ಉತ್ಖನನದಲ್ಲಿ ಹೊರಬಂದ ಭಾಗಗಳಲ್ಲಿ ನನ್ನ ಹೆಂಡತಿ ಹೆಚ್ಚು ಹೊತ್ತು ನಿಂತದ್ದು ಅಡಿಗೆಮನೆಯಲ್ಲಿ. ಹಲವು ಬಾಯಿಗಳ ಕಲ್ಲಿನ ಒಲೆ, ಪಕ್ಕದಲ್ಲಿ ಬಚ್ಚಲು, ನೀರು ಹೊರಹೋಗುವ ಕಲ್ಲಿನ ತೋಡು, ಎಲ್ಲವೂ ಇಂದಿನ ಮಲೆನಾಡಿನ ಹಳೆಯ ಮನೆಗಳ ವಿನ್ಯಾಸವೇ. ಒಲೆಯ ಬೂದಿ ತೆಗೆಯುವವಳು ಎಲ್ಲಿ ಕೂರುತ್ತಿದ್ದಳು, ಹೊಗೆ ಯಾವ ಕಡೆಗೆ ಹೋಗುತ್ತಿತ್ತು ಎಂದು ಅವಳು ತೋರಿಸಿಕೊಟ್ಟ ಮೇಲೆ ಅರಸರ ವಂಶಾವಳಿ ನನಗೆ ಸಪ್ಪೆಯಾಗಿ ಕಂಡಿತು. ಇಷ್ಟು ಎತ್ತರದಲ್ಲಿ ನೀರಿಗೇನು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಸುತ್ತಲೂ ಇದೆ: ಬಂಡೆಯ ತಗ್ಗುಗಳನ್ನೇ ಕಡಿದು, ಕಟ್ಟಿ, ಮಳೆನೀರು ಬಂದು ಸೇರುವಂತೆ ಮಾಡಿದ ಕೊಳಗಳು. ತುದಿಯ ಶಿಖರೇಶ್ವರ ಗುಡಿಯ ಬಳಿ ನಿಂತರೆ ಪಶ್ಚಿಮಕ್ಕೆ ಘಟ್ಟದ ಸಾಲೂ ಹಿನ್ನೀರಿನ ತುಣುಕುಗಳೂ ಕಾಣುತ್ತವೆ. ನಿನ್ನೆಯ ಮಳೆಯಿಂದ ಹೊಗೆ ಮಂಜು ತೊಳೆದುಹೋಗಿದ್ದರಿಂದ ಬಹುದೂರದವರೆಗೆ ಕಣ್ಣು ಹರಿಯಿತು.

ಇಳಿದು ಬಂದ ಮೇಲೆ ಕುಪ್ಪಳಿಗೆ ಹೋದೆವು. ಕುವೆಂಪು ಬೆಳೆದ ತೊಟ್ಟಿಮನೆಯನ್ನು ಕವಿಮನೆಯಾಗಿ ಚೆನ್ನಾಗಿ ಕಾಪಾಡಿದ್ದಾರೆ; ಕವಿಶೈಲದ ಬಂಡೆಯ ಮೇಲೆ, ಅವರ ಸಮಾಧಿಯ ಬಳಿ, ಮಧ್ಯಾಹ್ನದ ಬಿಸಿಲಿಗೆ ಕಾಲಿಡುವುದೇ ಕಷ್ಟವಾಗಿತ್ತು. ಅಲ್ಲಿಗೆ ಬೆಳಗ್ಗೆ ಅಥವಾ ಸಂಜೆ ಹೋಗುವುದು ಒಳ್ಳೆಯದು.

ಶನಿವಾರ: ಬಳ್ಳಿಗಾವಿ, ತಾಳಗುಂದ

ಕೊನೆಯ ಸುತ್ತು ಘಟ್ಟದ ಕಡೆಗಲ್ಲದೆ ಪೂರ್ವಕ್ಕೆ, ಮಲೆನಾಡು ಬಯಲಿಗೆ ಇಳಿಯುವ ಅರೆಮಲೆನಾಡಿನ ಕಡೆಗೆ. ಸೊರಬ ದಾಟಿದರೆ ತೋಟಗಳು ತೆಳುವಾಗಿ, ಕೆರೆಗಳು ಹೆಚ್ಚುತ್ತವೆ. ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಅಲ್ಲಮಪ್ರಭುವಿನ ಹುಟ್ಟೂರೆಂದು ಹೆಸರಾಗಿದೆ. ಕೇದಾರೇಶ್ವರದ ಮೂರು ಗರ್ಭಗುಡಿಗಳ ತ್ರಿಕೂಟ, ತ್ರಿಪುರಾಂತಕದ ಜಾಲಂಧ್ರ (ಕಲ್ಲಿನ ಜಾಲರಿ), ಮನುಷ್ಯದೇಹಕ್ಕೆ ಎರಡು ಹಕ್ಕಿತಲೆ ಕೂಡಿಸಿದ ಗಂಡಭೇರುಂಡದ 1047ರ ಕಂಬ, ಇವನ್ನು ಬಿಸಿಲೇರುವುದರೊಳಗೆ ನೋಡಿ ಮುಗಿಸಿದೆವು. ಕೆಳದಿಯ ಚಾವಣಿಯ ಗಂಡಭೇರುಂಡಕ್ಕೂ ಈ ಕಂಬದ ಗಂಡಭೇರುಂಡಕ್ಕೂ ನಡುವೆ ಸುಮಾರು ಐದು ಶತಮಾನಗಳಿವೆ.

ತಾಳಗುಂದ ಅಲ್ಲಿಂದ ಹತ್ತಿರ. ಪ್ರಣವೇಶ್ವರ ಗುಡಿಯ ಎದುರು ನಿಂತ ಕಂಬದ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನವಿದೆ. ಕದಂಬ ಶಾಂತಿವರ್ಮನ ಕಾಲದ್ದು, ಐದನೆಯ ಶತಮಾನದ್ದು. ವೇದ ಕಲಿಯಲು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದು ಈ ಕಂಬದ ಆಧಾರದಿಂದ. ಇದೇ ಆವರಣದ ಉತ್ಖನನದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನದ (ಸಿಂಹದ ಆಕೃತಿಯ ಮೆಟ್ಟಿಲ ಕೈಪಿಡಿಯ) ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಹೇಳಿ, ಹಲ್ಮಿಡಿಗಿಂತ ಹಳೆಯ ಕನ್ನಡ ಶಾಸನವೆಂದು ಗುರುತಿಸಿದೆ.

ಪಾಠಪುಸ್ತಕದಲ್ಲಿ ಬಾರದ ಸಂಗತಿಯೊಂದು ಕಂಬದ ಶಾಸನದಲ್ಲಿದೆ. ಅಷ್ಟು ದೀರ್ಘವಾಗಿ ವಂಶವನ್ನು ಹೊಗಳಿ ಅದು ಕೊನೆಗೆ ಹೇಳಬೇಕೆಂದಿರುವುದು, ಶಾಂತಿವರ್ಮನ ತಂದೆ ಕಾಕುತ್ಸ್ಥವರ್ಮ ಈ ಶಿವಾಲಯದ ಬಳಿ ದೊಡ್ಡದೊಂದು ಕೆರೆಯನ್ನು ತೋಡಿಸಿದನು ಎಂಬುದನ್ನು. ಕತ್ತಿಯ ಕಥೆ ಪೀಠಿಕೆ, ವಿಷಯ ಕೆರೆ. ನಾನು ಇದನ್ನು ಹೇಳಿದಾಗ ಭಾವ ಶಾಸನವನ್ನು ಬಿಟ್ಟು ಊರಿನ ಕೆರೆಯ ಏರಿಯ ಕಡೆಗೆ ನಡೆದರು. ತೂಬು ಎಲ್ಲಿದೆ, ಹೂಳು ಎಷ್ಟಿದೆ, ಕೋಡಿ ಬಿದ್ದ ನೀರು ಎತ್ತ ಹೋಗುತ್ತದೆ ಎಂದು ಅಲ್ಲಿ ಎಮ್ಮೆ ಮೀಯಿಸುತ್ತಿದ್ದವರನ್ನು ವಿಚಾರಿಸುತ್ತ ಅವರು ನಿಂತದ್ದರಿಂದ, ಉಡುಗಣಿಗೆ ಹೋಗಬೇಕೆಂದಿದ್ದ ಹೊತ್ತು ಅಲ್ಲಿಯೇ ಕಳೆಯಿತು. ಶಿರಾಳಕೊಪ್ಪದಲ್ಲಿ ಚಹ ಕುಡಿದು, ಮೋಡ ಕಟ್ಟುವ ಮೊದಲೇ ಸಾಗರದ ದಾರಿ ಹಿಡಿದೆವು.